ಮದ್ರಾಸ್ ಐ ಬಂದ ವಾರ

ಚೆನ್ನೈನ ವಡಪಳನಿಯ ಒಂದು ಸ್ಟುಡಿಯೊದಲ್ಲಿ ತಮಿಳು ಧಾರಾವಾಹಿಗಳಿಗೆ ಕನ್ನಡದ ದನಿ ಕೊಡುವುದು ನನ್ನ ಕೆಲಸ. ಆಗ ಒಂದು ಧಾರಾವಾಹಿಯ ಸೊಸೆಗೆ ನನ್ನ ದನಿ, ಅತ್ತೆಗೆ ಧಾರವಾಡ ಕಡೆಯ ಹಿರಿಯರೊಬ್ಬರದು. ಮೈಕಿನ ಮುಂದೆ ನನ್ನನ್ನು ಬೈದು ಅಳಿಸುವರು, ಊಟದ ಹೊತ್ತಿಗೆ ರೊಟ್ಟಿ ಮುರಿದು ಕೈಗಿಡುವರು. ನನಗವರು ಅಕ್ಕ.

ಒಂದು ಸೋಮವಾರ ಎದ್ದರೆ ನನ್ನ ರೆಪ್ಪೆಗಳು ಅಂಟಿಕೊಂಡಿದ್ದವು. ಮದ್ರಾಸ್ ಐ. ಹತ್ತಿರ ಬರಬೇಡ ಎಂದು ಮಗಳು ತಮಿಳಿನಲ್ಲೇ ಕೂಗಿದಳು. ಅವಳ ಶಾಲೆಯಲ್ಲಿ ಕಣ್ಣು ಕೆಂಪಾದ ಮಕ್ಕಳನ್ನು ಗೇಟಿನಿಂದಲೇ ವಾಪಸು ಕಳಿಸುತ್ತಿದ್ದರು.

ಡಬ್ಬಿಂಗ್ ಕೋಆರ್ಡಿನೇಟರ್‌ಗೆ ಫೋನ್ ಮಾಡಿದೆ.

"ಕಣ್ಣಿಗೆ ತಾನೇ ಮೇಡಂ? ಗಂಟಲು ಚೆನ್ನಾಗಿದೆಯಲ್ಲ?"

"ಇದು ಅಂಟುತ್ತೆ ಸಾರ್. ನಾಲ್ಕು ದಿನ ಬಿಡಿ."

"ಎಪಿಸೋಡ್ ಇವತ್ತೇ ಹೋಗಬೇಕು. ಆಗಲ್ಲ ಅಂದ್ರೆ ಬೇರೆ ವಾಯ್ಸ್ ನೋಡ್ತೀನಿ."

ಒಮ್ಮೆ ದನಿ ಬದಲಾದರೆ ಆ ಪಾತ್ರ ಮತ್ತೆ ನಮಗೆ ಸಿಗುವುದಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಹೋದೆ. "ಸೊಸಿ ಇವತ್ತ ಹೀರೋಯಿನ್ ಆಗ್ಯಾಳಲ್ಲ!" ಎಂದು ಅಕ್ಕ ನಕ್ಕರು. ಕಣ್ಣಿಗೆ ಧೂಳು ಬಿದ್ದಿದೆ ಅಂದುಬಿಟ್ಟೆ. ಕೋಆರ್ಡಿನೇಟರ್ ಅಲ್ಲೇ ನಿಂತಿದ್ದ. ಅವನೂ ಬಾಯಿ ಬಿಡಲಿಲ್ಲ. ಕಣ್ಣೊರೆಸಿಕೊಂಡ ಕೈಯಲ್ಲೇ ನಾನು ತೆಗೆದಿಟ್ಟ ಹೆಡ್‌ಫೋನನ್ನು ಅಕ್ಕ ಹಾಕಿಕೊಂಡರು.

ಗುರುವಾರ ಅವರಿಗೂ ಬಂತು. ಶನಿವಾರ ಅವರ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಡಾಕ್ಟರು ಮುಂದಕ್ಕೆ ಹಾಕಿದರು. ಮೊದಲೇ ಮಬ್ಬು ಕಣ್ಣು, ಈಗ ಕೀವು ಬೇರೆ. ದನಿ ಹೊಂದಿಸಲು ತೆರೆಯ ಮೇಲಿನ ತುಟಿ ಕಾಣದೆ ಮನೆಯಲ್ಲೇ ಉಳಿದರು. ಅತ್ತೆಗೆ ಬೇರೆ ದನಿ ಬಂತು.

ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ.

"ಗೊತ್ತೈತಿ ಬಿಡವಾ," ಅಂದರು. "ನೀ ಮನ್ಯಾಗ ಕುಂತಿದ್ರ ನಿನ್ನ ಪಾತ್ರ ಹೋಗ್ತಿತ್ತು. ಈಗ ನಂದು ಹೋತು, ಅಷ್ಟ."

ಅವರು ಬೈದಿದ್ದರೆ ವಾಸಿಯಿತ್ತು. ಮರುದಿನ ಸ್ಟುಡಿಯೊದಲ್ಲಿ ಜಗಳಕ್ಕೇ ನಿಂತೆ. ನಾಲ್ಕು ದಿನ ಸಂಬಳದ ರಜೆ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದು ಕೇಳಿದೆ.

"ಆರ್ಟಿಸ್ಟ್‌ಗಳಿಗೆ ಎಲ್ಲಿಯ ರಜೆ ಮೇಡಂ? ನೀವೇನು ಆಫೀಸ್ ಸ್ಟಾಫಾ?"

ಮರುವಾರ ಅವನಿಗೇ ಕಣ್ಣು ಬಂತು. ಅವನು ಸ್ಟಾಫು. ವಾಸಿಯಾಗುವವರೆಗೆ ಮನೆಯಲ್ಲಿದ್ದ, ಸಂಬಳವೂ ಕೈಸೇರಿತು. ಅವನು ಮನೆಯಲ್ಲಿದ್ದದ್ದು ಸರಿಯೇ, ಹಾಗೇ ಇರಬೇಕು. ನನ್ನ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಇಬ್ಬರದೂ ಅದೇ ಕಾಯಿಲೆ. ಅವನದಾದರೆ ರಜೆ, ನಮ್ಮದಾದರೆ ನೆಪ! ನಾನೇನೋ ಸುಳ್ಳು ಹೇಳಿದೆ, ಅದು ನನ್ನ ಪಾಪ. ಆ ಸುಳ್ಳು ಹೇಳಿಸಿದವರಿಗೆ ಯಾವ ಪಾಪವೂ ಇಲ್ಲವೇ?

ಅಕ್ಕನ ಆಪರೇಷನ್ ತಡವಾಗಿಯಾದರೂ ಆಯಿತು, ಕಣ್ಣು ಚೆನ್ನಾಗಿದೆ. ಕೆಲಸ ಮಾತ್ರ ಮರಳಲಿಲ್ಲ.

ಕಳೆದ ತಿಂಗಳು ಧಾರಾವಾಹಿಯ ನಾದಿನಿಗೆ ದನಿ ಕೊಡುವವಳು ಜ್ವರದಲ್ಲಿ ಕೆಮ್ಮುತ್ತಾ ಬಂದಳು. "ಇವಳನ್ನು ಮನೆಗೆ ಕಳಿಸಿ. ಇವಳ ಪಾತ್ರದ ಮಾತನ್ನು ನಾವು ಯಾರೂ ಆಡುವುದಿಲ್ಲ," ಅಂದೆ. ಉಳಿದ ಮೂವರು ಆರ್ಟಿಸ್ಟ್‌ಗಳೂ ಮೈಕಿನಿಂದ ಹಿಂದೆ ಸರಿದರು. ಕೋಆರ್ಡಿನೇಟರ್ ಗೊಣಗುತ್ತಲೇ ಅವಳ ದೃಶ್ಯಗಳನ್ನು ಎರಡು ದಿನ ಮುಂದೂಡಿದ. ಪಾತ್ರ ಉಳಿಯಿತು. ಆ ಎರಡು ದಿನದ ಸಂಬಳ ಮಾತ್ರ ಕೊಡಲಿಲ್ಲ. ಅದಕ್ಕಾಗಿ ಇನ್ನೂ ಜಗಳವಾಡುತ್ತಿದ್ದೇವೆ.