ಬಳೆ ಇಡುವ ದನಿ

ಗಂಟಲಿನ ಆಪರೇಷನ್ ಆದ ಮೇಲೆ ಅವ್ವನಿಗೆ ದನಿ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಮುಂಚೆಯೇ ರಾಯಚೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಅವ್ವನ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡೆ.

ಅವ್ವನದು ಮಾನ್ವಿಯಲ್ಲಿ ಬಳೆ ಅಂಗಡಿ. ಗಾಜಿನ ಬಳೆ ಗೆಣ್ಣು ದಾಟುವಾಗ ಕೈ ಬಿಗಿಯಾದರೆ ಒಡೆಯುತ್ತದೆ. ಅದಕ್ಕೇ ಅವಳು ಮಾತಾಡುತ್ತಲೇ ಇರುತ್ತಿದ್ದಳು. ಮಾತಿಗೆ ಮನಸ್ಸು ಕೊಟ್ಟ ಹೆಂಗಸಿನ ಕೈ ತಾನಾಗಿ ಸಡಿಲಾಗುತ್ತಿತ್ತು. ದನಿ ಹೋದರೆ ಅಂಗಡಿ ಹೇಗೆ ಎಂಬುದೊಂದೇ ಅವಳ ಚಿಂತೆ.

ನಾನು ಪ್ರೋಗ್ರಾಂ ಬರೆಯುವವಳು. ಒಂದೊಂದು ಮಾತಿಗೂ ಒಂದೊಂದು ಆಬ್ಜೆಕ್ಟ್ ಮಾಡಿದೆ. ಅದರೊಳಗೆ ದನಿ, ಒಂದು ಹೆಸರು, ಫೋನಿನ ಪರದೆಯ ಮೇಲೆ ಒತ್ತಬೇಕಾದ ಗುಂಡಿಯ ಬಣ್ಣ. ಪ್ರೋಗ್ರಾಂ ನಿಂತರೆ ಆಬ್ಜೆಕ್ಟ್ ಉಳಿಯುವುದಿಲ್ಲ. ಹಾಗಾಗಿ ಎಲ್ಲವನ್ನೂ ಕ್ಲೌಡ್‌ನಲ್ಲಿ ಉಳಿಸಿದೆ, ಅಂಗಡಿಯ ಫೋನಿಗೆ ಮರಳಿ ಪಡೆಯಲೆಂದು.

ಮೊದಲು ಮೈಕ್ ಪರೀಕ್ಷೆಗೆ ಏನಾದರೂ ಮಾತಾಡು ಎಂದೆ.

"ಏನ್ ಮಾತಾಡ್ಲಿ ಬೇ ನಿನ್ ಕೂಡ? ಮುಂಜಾನಿಂದ ಕುಂದ್ರಿಸೀದಿ, ಒಂದ್ ಕಪ್ ಚಾ ಇಲ್ಲ. ಬಂದೋರು ಉಪಾಸ ಸಾಯಬೇಕೇನು?"

ಅದೂ ರೆಕಾರ್ಡ್ ಆಗಿ ಉಳಿಯಿತು. ಆಮೇಲೆ ಅವ್ವ ಸೆರಗು ಸರಿಮಾಡಿಕೊಂಡು, "ಬನ್ನಿ, ಕುಳಿತುಕೊಳ್ಳಿ. ದಯವಿಟ್ಟು ಕೈ ನೀಡಿ" ಎಂದಳು. ನಮ್ಮ ಮಾತಿನಲ್ಲೇ ಹೇಳು ಎಂದೆ.

"ಉಳಿಯಾ ಮಾತು ಚಂದ ಇರಬೇಕಲ್ಲ."

ಉಳಿದದ್ದನ್ನೆಲ್ಲ ಹಾಗೆಯೇ ಪುಸ್ತಕದ ಮಾತಿನಲ್ಲಿ ಹೇಳಿದಳು.

ಗಾಯ ಮಾಗಿದ ಮೇಲೆ ಅಂಗಡಿ ತೆರೆದೆವು. ಆಬ್ಜೆಕ್ಟುಗಳೆಲ್ಲ ಫೋನಿಗೆ ಬಂದವು. ಒಂದೂ ಕೆಟ್ಟಿರಲಿಲ್ಲ. ನನಗೆ ಸಂತೋಷವಾಗಲಿಲ್ಲ, ಅಳುವೂ ಬರಲಿಲ್ಲ. ಗುಂಡಿಗಳ ಬಣ್ಣ ಸರಿಯಿದೆಯೇ ಎಂದಷ್ಟೇ ನೋಡಿದೆ.

ದೇವದುರ್ಗದಿಂದ ವರ್ಷವೂ ಬರುವ ಹೆಂಗಸು ಕೈ ಚಾಚಿದಳು. ಅವ್ವ ಹಸಿರು ಗುಂಡಿ ಒತ್ತಿದಳು.

"ದಯವಿಟ್ಟು ಕೈ ನೀಡಿ."

"ಯಾರ್ ಬೇ ಇಕಿ, ಬಸ್‌ಸ್ಟ್ಯಾಂಡಿನ ಮೈಕಿನಾಕಿ?" ಎಂದು ಆ ಹೆಂಗಸು ನನ್ನ ಮುಖ ನೋಡಿದಳು.

ಅವ್ವನ ದನಿ ಎಂದೆ. ಹೆಂಗಸಿನ ಕೈ ಬಿಗಿಯಾಯಿತು. ಮೊದಲ ಬಳೆ ಒಡೆಯಿತು. ಎರಡನೆಯದೂ ಒಡೆಯಿತು.

ಅವ್ವ ಚೂರುಗಳನ್ನು ಬದಿಗೆ ಸರಿಸಿದಳು. ಫೋನಿನ ಪರದೆಯನ್ನು ಬೆರಳಿನಿಂದ ಕೊನೆಯವರೆಗೂ ಎಳೆದಳು. ಅಲ್ಲೊಂದು ಬೂದು ಗುಂಡಿ ಇತ್ತು. ಪರೀಕ್ಷೆಯ ಮಾತಿಗೆ ನಾನು ಬಣ್ಣ ಕೊಟ್ಟಿರಲಿಲ್ಲ. ಅದನ್ನು ಒತ್ತಿ, ಹೆಂಗಸಿನ ಕೈ ಹಿಡಿದಳು.

"ಏನ್ ಮಾತಾಡ್ಲಿ ಬೇ ನಿನ್ ಕೂಡ? ಮುಂಜಾನಿಂದ ಕುಂದ್ರಿಸೀದಿ, ಒಂದ್ ಕಪ್ ಚಾ ಇಲ್ಲ..."

ಹೆಂಗಸು ಬಾಯಿ ತುಂಬ ನಕ್ಕಳು. "ಚಾ ನಾ ತರಸ್ತೀನಿ ಬಿಡಬೇ ಯವ್ವಾ, ಮೊದ್ಲ ಬಳಿ ಇಡು!"

ಬಳೆ ಆಗಲೇ ಗೆಣ್ಣು ದಾಟಿತ್ತು. ಅವ್ವ ಮುಂದಿನದನ್ನು ಎತ್ತಿಕೊಂಡು ಅದೇ ಗುಂಡಿಯನ್ನು ಮತ್ತೆ ಒತ್ತಿದಳು.