ಹೊಸ ಕಂಬಳಿಯ ಗೆರೆಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೂಡ್ಲಿಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವ ಹುದ್ದೆ ಅದು. ಗಣಿತದವರು ರಜೆ ಹಾಕಿದರೆ ಅವರ ಪಿರಿಯಡ್ ನನಗೆ, ಪರೀಕ್ಷೆ ಹತ್ತಿರ ಬಂದರೆ ನನ್ನ ಪಿರಿಯಡ್ ಅವರಿಗೆ. ದಿನಾ ಕೊಟ್ಟೂರಿನಿಂದ ಬಸ್ಸಿನಲ್ಲಿ ನಿಂತೇ ಬಂದು ನಿಂತೇ ಹೋಗುವಷ್ಟರಲ್ಲಿ ಜೀವ ಸಾಕಾಗಿಹೋಗುತ್ತಿತ್ತು.

ಗೆರೆ, ಚುಕ್ಕಿಗಳಿಂದಲೇ ವಸ್ತುವಿನ ಮೈ ತೋರಿಸುವುದನ್ನು ಮಕ್ಕಳಿಗೆ ಕಲಿಸಬೇಕಿತ್ತು. ಕಲ್ಲು ಒರಟು ಎಂದು ಚಿತ್ರ ನೋಡಿದರೇ ತಿಳಿಯಬೇಕು. ಅವರೋ ಕಲ್ಲು, ಕೊಡ, ಕೋಳಿ ಏನು ಕೊಟ್ಟರೂ ಅಂಚು ಬರೆದು ಒಳಗೆ ನುಣ್ಣಗೆ ತಿಕ್ಕಿಬಿಡುತ್ತಿದ್ದರು. ಬೋರ್ಡಿನ ಮೇಲೆ ನಾನು ಎಳೆದ ಗೆರೆಗಳನ್ನು ಎಣಿಸಿ ಅಷ್ಟನ್ನೇ ಎಳೆಯುವ ಪುಣ್ಯಾತ್ಮರೂ ಇದ್ದರು. ಮುಟ್ಟಿ ನೋಡಿ ಬರೆಯುವ ಒಂದೇ ಒಂದು ಮಗು ಸಿಕ್ಕರೆ ಸಾಕು ಎಂದು ವರ್ಷಗಟ್ಟಲೆ ಕಾದಿದ್ದೆ.

ಆ ವರ್ಷ ಸರ್ಕಾರದ ಡ್ರಾಯಿಂಗ್ ಪರೀಕ್ಷೆಗೆ ಕೂರುವವರಿಗೆ, ಮನೆಯ ಒಂದು ವಸ್ತು ನೋಡಿ ಬರೆದು ತನ್ನಿ ಎಂದೆ. ಕಂಬಳಿ ನೇಯುವವರ ಮನೆಯ ಹುಡುಗಿ ಕಂಬಳಿಯನ್ನೇ ಬರೆದು ತಂದಳು. ಹಾಳೆ ತುಂಬ ಗಿಡ್ಡ, ಚೂಪು ಗೆರೆಗಳು. ಒತ್ತಿದ ಕಡೆ ಹಾಳೆ ಹರಿದೇ ಹೋಗಿತ್ತು. ಸುಸ್ತಾಗಿದ್ದ ನನ್ನ ಕಣ್ಣಿಗೆ ಅದು ಜಾಲಿಮುಳ್ಳಿನ ಬೇಲಿಯಂತೆ ಕಂಡಿತು. ಉಣ್ಣೆ ಮೆತ್ತಗಿರುತ್ತದೆ, ಅಷ್ಟೂ ಗೊತ್ತಿಲ್ಲವೇ ಎಂದು ಗದರಿದೆ. ನಾನೇ ರಬ್ಬರಿನಿಂದ ಅರ್ಧ ಅಳಿಸಿ, ಪೆನ್ಸಿಲ್ ಪುಡಿಯನ್ನು ಬೆರಳಿನಿಂದ ಸವರಿ ತೋರಿಸಿದೆ.

ಮುಂದಿನ ವಾರ ಮಕ್ಕಳ ಗಣತಿಗೆಂದು ಅವರ ಓಣಿಗೆ ಹೋದೆ. ಅವಳಪ್ಪ ಅಂಗಳದಲ್ಲಿ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಹಾಸು ನೂಲಿಗೆ ಹುಣಸೆಬೀಜದ ಗಂಜಿ ಬಳಿಯುತ್ತಿದ್ದರು. ಕೂರಲು ಹೊಸ ಕಂಬಳಿ ಹಾಸಿದರು. ಗಂಜಿ ಕುಡಿದು ಸೆಟೆದಿದ್ದ ಅದು ಪ್ಯಾಂಟಿನ ಮೇಲಿಂದಲೇ ಚುಚ್ಚಿತು. ನಮ್ಮ ಮನೆಯಲ್ಲಿದ್ದದ್ದು ಅಜ್ಜ ಹೊದ್ದು ಹೊದ್ದು ಮೆತ್ತಗಾದ ಕಂಬಳಿ. ನನಗೆ ಗೊತ್ತಿದ್ದದ್ದು ಅದೊಂದೇ. ಕೂತಲ್ಲೇ ನಾಚಿಕೆಯಾಯಿತು.

ಮರುದಿನ ಅವಳನ್ನು ಕರೆದು, ತಪ್ಪು ನನ್ನದು, ಮೊದಲಿನ ಹಾಗೆಯೇ ಬರೆ ಎಂದೆ.

"ಪೇಪರ್ ತಿದ್ದೋರು ಎಂಥಾ ಕಂಬಳಿ ಮುಟ್ಟಿರ್ತಾರ್ರಿ ಸರ್?" ಎಂದಳು.

ಕೊಂಕೇನೂ ಇರಲಿಲ್ಲ, ಕೇಳಿದ್ದಷ್ಟೇ. ಅವರು ಮುಟ್ಟಿರುವುದೂ ನಮ್ಮ ಮನೆಯಂಥ ಮೆತ್ತನೆಯ ಕಂಬಳಿಯನ್ನೇ ಎಂದು ನಿಜ ಹೇಳಿಬಿಟ್ಟೆ. ಸುಳ್ಳು ಹೇಳಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಪರೀಕ್ಷೆಯಲ್ಲಿ ನೋಡಿ ಬರೆಯಲು ಇಟ್ಟಿಗೆ ಇಟ್ಟಿದ್ದರಂತೆ. ಅವಳು ಅದನ್ನೂ ಬೆರಳಿನಿಂದ ನುಣ್ಣಗೆ ಸವರಿ, ಒಳ್ಳೆಯ ಮಾರ್ಕ್ಸ್ ತೆಗೆದು ಪಾಸಾದಳು. ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿದರು.