ಸಿಂಗಳೀಕದ ಏಕೀಕರಣ

ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದೂ ಇಲ್ಲ. ಈ ಸುದ್ದಿಯನ್ನು ನನ್ನ ಹೆಂಡತಿ ಗಿರಿಜವ್ವ ಮನೆಗೆ ಬಂದವರಿಗೆಲ್ಲ ಚಹಾದ ಜೊತೆಗೇ ಕೊಡುತ್ತಾಳೆ. ಆದರೆ ನನ್ನ ಒಂದು ಸಿಟ್ಟು ಅವಳಿಗೂ ಇನ್ನೂ ಅರ್ಥವಾಗಿಲ್ಲ. ಯಾರಾದರೂ ಯಾರನ್ನಾದರೂ ‘ಸಿಂಗಳೀಕ’ ಎಂದು ಬೈದರೆ ನನ್ನ ಮೈ ಉರಿಯುತ್ತದೆ. ಬೈಸಿಕೊಂಡವನ ಪರವಾಗಿ ಅಲ್ಲ, ಸಿಂಗಳೀಕದ ಪರವಾಗಿ.

ಮಂಗ ಎನ್ನಲಿ, ನನ್ನ ತಕರಾರಿಲ್ಲ. ಕಪ್ಪತಗುಡ್ಡದಿಂದ ಡೋಣಿ ಊರಿನ ಹೊಲಕ್ಕಿಳಿದು ಶೇಂಗಾ ಕಿತ್ತು, ಅರ್ಧ ತಿಂದು ಅರ್ಧ ಚೆಲ್ಲಿ, ಕಾವಲಿನವನ ಬುತ್ತಿಯನ್ನೂ ಹೊತ್ತುಕೊಂಡು ಹೋಗುವ ಜಾತಿ ಅದು. ಒಂದೆರಡು ಬೈಗುಳ ಸಲ್ಲಬೇಕಾದದ್ದೇ. ಸಿಂಗಳೀಕ ಯಾರ ಬುತ್ತಿ ಮುಟ್ಟಿತು? ನಮ್ಮ ಕಡೆ ಅದರ ಹೆಸರೆತ್ತಿ ಬೈಯುವವರು ಅದರ ಮುಖವನ್ನೇ ಕಂಡವರಲ್ಲ.

ನಾನು ಕಂಡಿದ್ದೇನೆ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು ಬೆಟಗೇರಿಯಲ್ಲಿ ಅಪ್ಪನ ಉಳಿ ಹಿಡಿದವನು ನಾನು. ನಾನು ಮಾಡಿದ ಬಂಡಿಯ ಗಾಲಿ ಮುರಿದದ್ದನ್ನು ಇಂದಿನವರೆಗೆ ಯಾರೂ ತೋರಿಸಿಲ್ಲ. ತೋರಿಸಲು ಬಂದವರಿಗೆ ಅವರ ಎತ್ತಿನ ತಪ್ಪು ತೋರಿಸಿ ಕಳಿಸಿದ್ದೇನೆ. ಗಾಲಿಗೆ ಬೇಕಾದ ಕಟ್ಟಿಗೆಯನ್ನು ನಾನೇ ಆರಿಸಬೇಕೆಂಬ ಹಟದಿಂದ, ಸ್ವಾತಂತ್ರ್ಯ ಬಂದ ಮರು ಬೇಸಿಗೆಯಲ್ಲಿ ಘಟ್ಟದ ಕಾಡಿಗೆ ಹೋದೆ. ಹಗಲಿಡೀ ತಲೆಯೆತ್ತಿ ಸಿಂಗಳೀಕಗಳನ್ನೇ ನೋಡುತ್ತ ನಿಂತು, ಸೀಳು ಬಿಟ್ಟ ಮತ್ತಿಮರದ ತುಂಡುಗಳನ್ನು ಆರಿಸಿಕೊಂಡು ಬಂದೆ. ಅಪ್ಪ ಸಾಯುವತನಕ ಅದನ್ನು ಮರೆಯಲಿಲ್ಲ.

ಆದರೆ ನೋಡುವಂಥದ್ದೇ ಅದು. ಮೈಯೆಲ್ಲ ಕರಿ, ಮುಖದ ಸುತ್ತ ಬೂದು ಕೂದಲಿನ ರುಮಾಲು, ಬಾಲದ ತುದಿಗೊಂದು ಗೊಂಡೆ. ನೆಲಕ್ಕಿಳಿಯುವುದು ತೀರ ಅಪರೂಪ. ಹುಟ್ಟು, ಊಟ, ನಿದ್ದೆ, ಜಗಳ ಎಲ್ಲ ಮರದ ಮೇಲೇ. ಎಲೆಯ ಮೇಲೆ ನಿಂತ ನೀರೇ ಅದಕ್ಕೆ ಬಾವಿ. ಮುಳ್ಳುಗೂದಲಿನ ಹುಳ ಸಿಕ್ಕರೆ ಗಬಕ್ಕನೆ ನುಂಗುವುದಿಲ್ಲ, ಎಲೆಗೆ ತಿಕ್ಕಿ ತಿಕ್ಕಿ ಕೂದಲು ತೆಗೆದು ತಿನ್ನುತ್ತದೆ. ನಮ್ಮ ಓಣಿಯಲ್ಲಿ ಗಜ್ಜರಿಯ ಮಣ್ಣನ್ನೂ ಒರೆಸದೆ ತಿನ್ನುವವರಿದ್ದಾರೆ. ಹಿಂಡಿನ ಯಜಮಾನ ಒಮ್ಮೆ ಕೂಗಿದರೆ ಕಣಿವೆಯೆಲ್ಲ ಸುಮ್ಮನಾಗುತ್ತದೆ. ಮರಿ ಹಾಕುವುದು ಒಂದೇ, ಅದೂ ವರ್ಷಗಳ ಮೇಲೆ. ಇಂಥ ಜೀವ ಒಂದು ಹೋದರೆ ಆ ಜಾಗ ತುಂಬುವುದಕ್ಕೆ ಎಷ್ಟು ಕಾಲ ಬೇಕೋ.

ಹೀಗಿರುವಾಗ ನಾಡು ಒಂದಾಗುವ ವರ್ಷ ಬಂತು. ಗದುಗಿನಲ್ಲಿ ಮೆರವಣಿಗೆಯ ಸಿದ್ಧತೆ. ತಾಯಿ ಭುವನೇಶ್ವರಿಯನ್ನು ಕೂರಿಸುವ ಬಂಡಿಯ ಕೆಲಸ ನನಗೆ ಬಂತು. ಮಂದಿ ಕೈಯಿಂದ ಎಳೆಯಲೆಂದು ತೋಳುಗಾತ್ರದ ಹಗ್ಗವೂ ತಯಾರಾಯಿತು. ಮೆರವಣಿಗೆಯ ಮುಂದಾಳು ಕಟ್ಟಿಗೆ ಅಡ್ಡೆಯ ಸಾವಕಾರರು. ನಾಡು ಹರಿದು ಹಂಚಿಹೋದದ್ದನ್ನು ಕುರಿತು ಅವರು ಭಾಷಣ ಮಾಡಿದರೆ ಕಲ್ಲೂ ಕರಗುತ್ತಿತ್ತು.

ಒಂದು ದಿನ ಅಡ್ಡೆಯ ಮುಂದೆ ಜನವೋ ಜನ. ಕೋಳಿಬುಟ್ಟಿಯಂಥ ಪಂಜರದಲ್ಲಿ ಸಿಂಗಳೀಕ. ಘಟ್ಟದಲ್ಲಿ ಸಾವಕಾರರ ಮರ ಕಡಿಯುವವರು ಹಿಡಿದು, ಲಾರಿಯಲ್ಲಿ ಕಳಿಸಿದ್ದರು. ಯಾರೋ ರೊಟ್ಟಿ ತುರುಕಿದ್ದರು, ಯಾರೋ ಶೇಂಗಾ. ಅದು ಯಾವುದನ್ನೂ ಮೂಸಿರಲಿಲ್ಲ. ಒಬ್ಬ ಮುದುಕಿ, “ಮಮ್ಮಗಗ ನಾಯಿಕೆಮ್ಮು ಯಪ್ಪಾ, ಇದರದೊಂದು ಕೂದಲಾ ಕೊಡು, ತಾಯ್ತಾ ಕಟ್ಟತೀನಿ” ಎಂದಳು. ಅಡ್ಡೆಯ ಆಳು ಕೈಹಾಕಿ ಕಿತ್ತುಕೊಟ್ಟ. ಅದೇ ಮೊದಲಲ್ಲ. ಕೊರಳಿನ ಎಡಗಡೆ ಆಗಲೇ ಬೋಳಾಗಿತ್ತು.

“ಬರ್ರಿ ಬಡಿಗ್ಯಾರ,” ಎಂದರು ಸಾವಕಾರರು. “ನಮ್ಮ ನಾಡಿನಾಗ ಏನೇನ ಐತಿ ಅನ್ನೂದು ಮಂದಿಗೆ ಗೊತ್ತಾಗಲಿ. ತಾಯಿ ಕಾಲಬುಡಕ ಇದನ್ನ ಇಡೂಣು. ಛಲೋದೊಂದು ಪಂಜರ ಮಾಡ್ರಿ.”

“ಅಲ್ಲೀತನಕ ಇದು ಉಳಿಯೂದಿಲ್ರಿ. ಲಾರಿ ಖಾಲಿ ಹೊಂಟೈತಿ, ವಾಪಸ್ ಕಳಿಸಿಬಿಡ್ರಿ.”

“ಹಸಿವಾದ್ರ ತಿಂತೈತಿ. ಮಂಗ್ಯಾ ಏನು ಸತ್ಯಾಗ್ರಹ ಮಾಡತೈತೇನು?”

ಎಲ್ಲರೂ ನಕ್ಕರು. ನನಗೆ ಬಂದದ್ದು ಆ ಹಾಳು ಸಿಟ್ಟು.

“ಅದು ಮಾಡದಿದ್ರ ನಾ ಮಾಡತೀನಿ. ತಾಯಿ ಬಂಡಿಗೆ ಗಾಲಿ ಹಾಕೂದಿಲ್ಲ.”

“ಬ್ಯಾರೆ ಬಡಿಗನ್ನ ಕರಸ್ತೀನಿ.”

“ಕರಸ್ರಿ. ಗಾಲಿ ನನ್ನ ಮನ್ಯಾಗ ಅದಾವು.”

ಸಾವಕಾರರು ನನ್ನನ್ನು ನೋಡಿದರು, ಜನವನ್ನು ನೋಡಿದರು, ಕೊನೆಗೆ ಲಾರಿಯ ಕಡೆ ಕೈ ಮಾಡಿದರು. ಮನೆಗೆ ಬಂದರೆ ಗಿರಿಜವ್ವ, “ಮಂಗ್ಯಾನ ಸಲುವಾಗಿ ತಾಯೀನ್ನ ತಡದು ನಿಲ್ಲಿಸಿದವರು ನೀವೊಬ್ರ ನೋಡ್ರಿ” ಎಂದಳು. ಗಾಲಿ ಹಾಕಿದೆ. ಮೆರವಣಿಗೆ ಚೆಂದವಾಯಿತು. ನನಗೂ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಮರುದಿನ, ಸಿಂಗಳೀಕವನ್ನು ಒಯ್ದಿದ್ದ ಲಾರಿಯ ಡ್ರೈವರ್ ಮಾಬೂಸಾಬ ಬಂದು ಮೊಳೆಯ ಡಬ್ಬಿಯ ಮೇಲೆ ಕುಳಿತ. ಲಕ್ಷ್ಮೇಶ್ವರದವನು, ಮಾತು ನಿಧಾನ.

“ಹಿಡದ ಜಾಗಾದಾಗ ಬಿಟ್ಟೇನಪಾ?”

“ಅಲ್ಲೇ ಬಿಟ್ಟೀನಿ ಕಾಕಾ. ಆದರ ಆ ಜಾಗಾನ ಇಲ್ಲ. ಲಾರಿ ದಾರಿಗೆ ನಡಬರಕ ಮರಾ ಕಡದಾರ. ಇದು ಈ ಕಡೆ ಕುಂತು ಒದರತೈತಿ, ಅದರ ಮಂದಿ ಆ ಕಡೆಯಿಂದ ಓಗೊಡತಾವು. ಇಳದು ನಾಕ ಹೆಜ್ಜಿ ನಡದ್ರ ಆತು. ಇಳಿಯವಲ್ದು. ಕೆಳಗ ನಾಯಿ ಬ್ಯಾರೆ.”

ನನ್ನ ಕೈಯಲ್ಲಿದ್ದ ಬಾಚಿಯನ್ನು ಕೆಳಗಿಟ್ಟೆ. ನನಗೆ ಅಪ್ಪ ನೆನಪಾದ. ಗದುಗಿನಿಂದ ಶಿರಹಟ್ಟಿಗೆ ಗಾಲಿ ಹೇರಿಕೊಂಡು ಹೊರಟರೆ ಅತ್ತ ಒಬ್ಬ ರಾಜರ ಸೀಮೆ, ಲಕ್ಷ್ಮೇಶ್ವರಕ್ಕೆ ಹೊರಟರೆ ಇನ್ನೊಬ್ಬರದು. ಮುಂಡರಗಿ ನಮ್ಮದೇ ಸರಕಾರದ್ದು, ಅದನ್ನು ದಾಟಿದರೆ ನಿಜಾಮನ ಸೀಮೆ. ಗಡಿಯ ಸುಂಕದ ನಾಕಾದಲ್ಲಿ ತಡೆದಾಗ ಅಪ್ಪ, “ಆ ಕಾಣೂದು ನನ್ನ ತಂಗಿ ಮನಿರಿ” ಎನ್ನುತ್ತಿದ್ದ. ಕಾಣುವ ಮನೆಗೆ ಹೋಗಲಾಗದ ಸಂಕಟ ನಮಗೆ ಗೊತ್ತಿತ್ತು. ಅದಕ್ಕಾಗಿಯೇ ಕೂಗಿದೆವು, ಲಾಠಿ ತಿಂದೆವು, ಬಂಡಿ ಎಳೆದೆವು. ಅದೇ ಹೊತ್ತಿಗೆ, ಅದೇ ಸಾವಕಾರರ ಕೊಡಲಿ, ಮರದಿಂದ ಮರಕ್ಕೆ ಹಬ್ಬಿದ ಒಂದು ಇಡೀ ನಾಡನ್ನು ಎರಡು ಮಾಡಿ ಬಂದಿತ್ತು. ಕಳೆದುಕೊಂಡವರಿಗೆ ಭಾಷಣ ಬರುವುದಿಲ್ಲ, ಅಷ್ಟೆ.

ಮೂಲೆಯಲ್ಲಿ ಮೆರವಣಿಗೆಯ ಹಗ್ಗ ಬಿದ್ದಿತ್ತು. ಎತ್ತಿ ಮಾಬೂಸಾಬನ ಹೆಗಲಿಗೆ ಹಾಕಿದೆ. “ಈ ಕಡೆ ಮರದಿಂದ ಆ ಕಡೆ ಮರಕ್ಕ ಕಟ್ಟು. ಎತ್ತರಕ್ಕ.”

“ಕಾಕಾ, ನಿಮಗ ತಲಿ ಕೆಟ್ಟೈತಿ,” ಎಂದು ಹಗ್ಗ ಒಯ್ದ.

ಸಾವಕಾರರು ಹಗ್ಗ ಕೇಳಿ ಕಳಿಸಿದಾಗ, “ತಾಯಿ ಕೆಲಸಕ್ಕ ಹೋಗೈತಿ” ಎಂದೆ. ಮುಂದಿನ ಖೇಪು ಮುಗಿಸಿ ಮಾಬೂಸಾಬ ಬಂದ. ಅದೇ ಡಬ್ಬಿ, ಅದೇ ನಿಧಾನ. ಬೀಡಿ ಹಚ್ಚಿದ ಮೇಲೆ ಬಾಯಿಬಿಟ್ಟ. “ಈ ಕಡೆ ಇಲ್ಲ. ಆ ಕಡೆ ಹಿಂಡಿನಾಗ ಒಂದು ಕುಂತು ಹಣ್ಣು ತಿನ್ನಾಕ ಹತ್ತಿತ್ತು. ಕೊರಳ ಎಡಕ ಬೋಳು.”

ಆಮೇಲೆ ಆ ದಾರಿ ಅಗಲವಾಯಿತು, ಬೇರೆ ದಾರಿಗಳೂ ಬಂದವು. ಅಷ್ಟಕ್ಕೆಲ್ಲ ಹಗ್ಗ ಎಲ್ಲಿಂದ ತರಲಿ? ಆ ಸಿಟ್ಟು ಇನ್ನೂ ಇಳಿದಿಲ್ಲ. ಪ್ರತಿ ವರ್ಷ ನಾಡಹಬ್ಬ ಬಂದಾಗ ಹುಡುಗರು, “ಅಜ್ಜಾ, ಏಕೀಕರಣಕ್ಕ ನೀವೇನ ಮಾಡಿದ್ರಿ?” ಎಂದು ಕೇಳುತ್ತಾರೆ. “ಹಗ್ಗ ಕೊಟ್ಟೆ” ಎನ್ನುತ್ತೇನೆ. ತಾಯಿಯ ಬಂಡಿ ಎಳೆಯಲು ಕೊಟ್ಟೆನೆಂದು ತಿಳಿದು ಕೈ ಮುಗಿಯುತ್ತಾರೆ. ನಾನು ತಿದ್ದುವುದಿಲ್ಲ. ನಿಜ ಹೇಳಿದರೆ ನಕ್ಕು, ‘ಮುದುಕ ಸಿಂಗಳೀಕ’ ಎಂದಾರು. ಅಂದರೆ ಅನ್ನಲಿ. ಅದೊಂದು ಸಲ ಮಾತ್ರ ನನಗೆ ಸಿಟ್ಟು ಬರಲಿಕ್ಕಿಲ್ಲ.